ಕಡಲಮ್ಮ ಉಗುಳಲು ಕಲಿತದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬಡಗಣ ತುದಿಯ ಹಿಮದ ನಾಡಿನಲ್ಲಿ ಕಡಲಮ್ಮ ಒಂದು ಬೂದು ಹಕ್ಕಿಯನ್ನು ಕರೆದಳು.

“ಬೂದಕ್ಕಾ, ನನ್ನ ಮೈಮೇಲೆ ತೇಲುವುದೆಲ್ಲ ನಿನ್ನದು. ಮೀನಿನ ವಾಸನೆ ಬಂದರೆ ಸಾಕು, ಕೇಳದೆ ತಿನ್ನು. ಯಾರಾದರೂ ಗೂಡಿನ ತಂಟೆಗೆ ಬಂದರೆ ಹೊಟ್ಟೆಯೊಳಗಿನ ನಾರುವ ಎಣ್ಣೆಯನ್ನು ಮುಖಕ್ಕೇ ಉಗುಳು,” ಅಂದಳು.

ಅಂದಿನಿಂದ ಬೂದಕ್ಕನ ಮನೆತನದಲ್ಲಿ ಯಾರೂ ಊಟವನ್ನು ಕಣ್ಣಿಟ್ಟು ನೋಡಿದವರಲ್ಲ. ಮೂಗು ಹೇಳಿತು, ಕೊಕ್ಕು ನುಂಗಿತು. ತಾಯಿ ಬಡಿಸಿದ್ದನ್ನು ಯಾರಾದರೂ ಅನುಮಾನಿಸುತ್ತಾರೆಯೇ?

ಎಷ್ಟೋ ಕಾಲ ಕಳೆಯಿತು. ಆಮೇಲೆ ಮನುಷ್ಯ ಪ್ಲಾಸ್ಟಿಕ್ ಮಾಡಿದ. ಮಾಡಿದ್ದೇನೋ ಮಾಡಿದ, ಒಮ್ಮೆ ಬಳಸಿ ಬಿಸಾಡುವುದನ್ನೂ ಕಲಿತ. ಮಹಾ ಬುದ್ಧಿವಂತ! ಬಿಸಾಡಿದ್ದು ಹೊಳೆಗೆ ಬಿತ್ತು, ಹೊಳೆಯಿಂದ ಕಡಲಿಗೆ ಹೋಯಿತು. ಅಲೆಯಲ್ಲಿ ಚೂರುಚೂರಾಗಿ, ಪಾಚಿ ಹತ್ತಿ, ಮೀನಿನಂತೆಯೇ ವಾಸನೆ ಹೊಡೆಯಿತು.

ಆ ಮನೆತನದ ಆಗಿನ ಬೂದಕ್ಕನಿಗೆ ಇದ್ದದ್ದು ಒಂದೇ ಮರಿ. ಅವಳ ಮೂಗೂ ಹೇಳಿತು, ಕೊಕ್ಕೂ ನುಂಗಿತು. ಗೂಡಿಗೆ ಬಂದು ಮರಿಯ ಬಾಯಿಗೆ ಕಕ್ಕಿ ಉಣಿಸಿದಳು.

“ಅಮ್ಮಾ, ಹೊಟ್ಟೆ ತುಂಬಿದೆ. ಆದರೂ ಹಸಿವು,” ಅಂದಿತು ಮರಿ.

“ಇನ್ನೊಂದು ತುತ್ತು ತಿನ್ನು ಕಂದಾ,” ಅಂದಳು ಬೂದಕ್ಕ.

ತಿಂದಷ್ಟೂ ಮರಿ ಸೊರಗಿತು. ಒಂದು ಬೆಳಗ್ಗೆ ಅದು ಬಾಯಿ ತೆರೆಯಲೇ ಇಲ್ಲ.

ಬೂದಕ್ಕ ಕಡಲಿನ ಮೇಲೆ ಹಾರಾಡಿ ಕಿರುಚಿದಳು. “ಮಾತಿಗೆ ತಪ್ಪಿದೆಯಾ ತಾಯಿ? ನಿನ್ನನ್ನು ನಂಬಿ ನನ್ನ ಕೊಕ್ಕಿನಿಂದಲೇ ಮಗುವಿಗೆ ವಿಷ ಉಣಿಸಿದೆನಲ್ಲಾ!”

“ಅದು ನಾನು ಕೊಟ್ಟದ್ದಲ್ಲ ಮಗಳೇ,” ಎಂದು ಕಡಲಮ್ಮ ಅತ್ತಳು. “ಮನುಷ್ಯರು ಸುರಿದರು, ಹೊಳೆಗಳು ತಂದವು. ಬಂದದ್ದನ್ನು ಬೇಡ ಅನ್ನಲು ನನಗೆ ಬರುವುದಿಲ್ಲ.”

ಅಷ್ಟರಲ್ಲಿ ಒಂದು ಹಡಗು ಬಂತು. ಅದರ ಅಂಚಿನಲ್ಲಿ ನಿಂತವನೊಬ್ಬ ನೀರು ಕುಡಿದು ಬಾಟಲಿಯನ್ನು ಕಡಲಿಗೆ ಎಸೆದ.

“ಇಷ್ಟು ದೊಡ್ಡ ಸಮುದ್ರ! ಒಂದು ಬಾಟಲಿಯಿಂದ ಎಂತ ಆಗ್ತದೆ ಮಾರಾಯ?” ಅಂದ ಪಕ್ಕದವನಿಗೆ.

ಬೂದಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಸರ್ರನೆ ಇಳಿದು ಅವನ ಮುಖದ ತುಂಬ ಎಣ್ಣೆ ಉಗುಳಿದಳು. ಎಷ್ಟು ಸೋಪು ತಿಕ್ಕಿದರೂ ಆ ನಾತ ಹೋಗಲಿಲ್ಲ. ಚೆನ್ನಾಗಿಯೇ ಆಯಿತು ಅವನಿಗೆ!

ಕಡಲಮ್ಮ ಕಣ್ಣೊರೆಸಿಕೊಂಡಳು. “ಇದನ್ನು ನಿನಗೆ ಹೇಳಿಕೊಟ್ಟವಳು ನಾನೇ. ನನಗೇ ಮರೆತುಹೋಗಿತ್ತು ನೋಡು,” ಅಂದಳು.

ಮಳೆಗಾಲದಲ್ಲಿ ಕಡಲು ಕೆರಳಿದಾಗ ನಮ್ಮ ದಡದ ತುಂಬ ಬಾಟಲಿ, ಕವರು, ಹರಿದ ಚಪ್ಪಲಿ ರಾಶಿ ಬಿದ್ದಿರುವುದನ್ನು ನೀನು ನೋಡುತ್ತೀಯಲ್ಲ ಮಗೂ, ಬೂದಕ್ಕನ ಮರಿಯನ್ನು ನೆನೆದು ಕಡಲಮ್ಮ ನಮ್ಮ ಮುಖಕ್ಕೆ ಉಗುಳಿದ್ದು ಅದು.