ಹೊಸ ಫೋನನ್ನು ಹೊಗಳಿದ ಹಳೆಯ ಫೋನು

ಬಳೆ ಅಂಗಡಿಯ ಕೊಟ್ರೇಶಪ್ಪನಿಗೆ ದೊಡ್ಡ ಪರದೆಯ ಹೊಸ ಫೋನು ಕೊಳ್ಳಬೇಕೋ ಬೇಡವೋ ಎಂಬ ಯೋಚನೆ ಹತ್ತಿತು. ಅದನ್ನು ಬಗೆಹರಿಸಿಕೊಳ್ಳಲು ಅವನು ತನ್ನ ಹಳೆಯ ಫೋನಿನಲ್ಲೇ ಹೊಸದರ ವಿಡಿಯೋಗಳನ್ನು ದಿನವೂ ಬೆಳಗಿನಿಂದ ನೋಡತೊಡಗಿದ. ಊಟದ ಹೊತ್ತಿಗೆಲ್ಲ ಫೋನು ಬಳಲಿ ಚಾರ್ಜರಿನ ಬಳಿಗೆ ಬರುತ್ತಿತ್ತು.

"ನಿನಗೇನು ಕಾಯಿಲೆ? ಮೊದಲು ದಿನವಿಡೀ ದುಡಿದರೂ ದಣಿಯುತ್ತಿರಲಿಲ್ಲ" ಎಂದು ಚಾರ್ಜರು ಕೇಳಿತು.

"ನನ್ನ ಜಾಗಕ್ಕೆ ಬರುವವನ ಗುಣಗಾನ ಮಾಡುತ್ತಿದ್ದೇನೆ. ಬಾಯಿ ಒಣಗಿದೆ" ಎಂದಿತು ಫೋನು.

"ಹುಚ್ಚಪ್ಪಾ, ವಿಡಿಯೋ ನಡುವೆ ನಿಂತುಬಿಡು!"

"ನಿಂತರೆ ಕೆಟ್ಟುಹೋಗಿದೆ ಎನ್ನುತ್ತಾನೆ ಯಜಮಾನ. ನಿಲ್ಲದಿದ್ದರೆ, ಹೊಸದು ಎಷ್ಟು ಚೆನ್ನಾಗಿದೆ ಎನ್ನುತ್ತಾನೆ. ಹೇಗೂ ಹೋಗುವವನು ನಾನು. ದುಡಿದೇ ಹೋಗುತ್ತೇನೆ."

ಕೊನೆಗೆ ಕೊಟ್ರೇಶಪ್ಪ ಹೆಂಡತಿಗೆ ಹೇಳಿದ: "ನೋಡು ನೀಲಾ, ಇದರಲ್ಲಿ ಚಾರ್ಜೇ ನಿಲ್ಲುತ್ತಿಲ್ಲ. ಹೊಸದು ತರದೆ ವಿಧಿಯಿಲ್ಲ."

"ಹಂಗಾದ್ರೆ ಹಳೇದು ನನಗಿರಲಿ ರೀ" ಎಂದಳು ನೀಲಮ್ಮ.

ದೊಡ್ಡ ಫೋನು ಮನೆಗೆ ಬಂತು. ಹಳೆಯದು ಅಡುಗೆಮನೆಯ ಗೂಡು ಸೇರಿತು. ನೀಲಮ್ಮ ಅದರಲ್ಲಿ ತವರಿನವರ ಜೊತೆಗೊಮ್ಮೆ, ತಂಗಿಯ ಜೊತೆಗೊಮ್ಮೆ ಮಾತಾಡುತ್ತಿದ್ದಳು. ಮಿಕ್ಕ ಹೊತ್ತು ಅದು ತಣ್ಣಗೆ ಮಲಗಿರುತ್ತಿತ್ತು.

ಒಂದು ಸಂಜೆ ಕೊಟ್ರೇಶಪ್ಪ ಅದನ್ನು ಕೈಗೆತ್ತಿಕೊಂಡು ನೋಡಿ ಬೆರಗಾದ. "ಇದೇನು, ಬೆಳಗಿನ ಚಾರ್ಜು ಹಾಗೇ ಇದೆ! ಏನು ಮಾಡಿಸಿದೆ?"

"ಏನೂ ಮಾಡಿಸಿಲ್ಲ ರೀ. ಬಂದ ಫೋನು ಎತ್ತಿ ಮಾತಾಡ್ತೀನಿ, ಅಷ್ಟೇ."

ಕೊಟ್ರೇಶಪ್ಪ ನಂಬಲಿಲ್ಲ. ಯಾವ ಅಂಗಡಿಯಲ್ಲಿ ರಿಪೇರಿ ಮಾಡಿಸಿದೆ, ನಿಜ ಹೇಳು ಎಂದು ಮಲಗುವವರೆಗೂ ಅವಳನ್ನು ಪೀಡಿಸಿದ.