ಹಾರ ಹಾಕಿಸಿಕೊಂಡ ಹಲಗೆ

ಶೀನ ಖಾರ್ವಿ ತನ್ನ ಹಳೆಯ ಫೈಬರ್ ದೋಣಿಯನ್ನು ಮನೆಯಂಗಳಕ್ಕೆ ತಂದು ರಿಪೇರಿಗೆ ಕೂತ. ಮೊದಲು ಕೊಳೆತ ಮರದ ಮೇಲ್ಹಾಸನ್ನು ಕೊಯ್ದು ಹೊಸದು ಹಾಕಿದ. ಇನ್ನು ತನ್ನ ಸರದಿಯೆಂದು ಇಂಜಿನ್ ಹೊರುವ ಹಿಂಬದಿಯ ಹಲಗೆ ನಡುಗಿತು. ಫೈಬರ್ ಹೊದಿಕೆಯ ಒಳಗೆ ತನ್ನ ಮರ ನೀರು ಕುಡಿದು ಹಿಟ್ಟಾಗಿರುವುದು ಅದಕ್ಕೊಂದಕ್ಕೇ ಗೊತ್ತಿತ್ತು. ಅಷ್ಟರಲ್ಲಿ ದೋಣಿಯನ್ನು ಕಡಲಿಗಿಳಿಸುವ ಪೂಜೆಯ ದಿನ ಬಂದುಬಿಟ್ಟಿತು. ಶೀನ ಹಲಗೆಗೆ ನೀಲಿ ಬಣ್ಣ ಬಳಿದು, ಕುಂಕುಮವಿಟ್ಟು, ಹಾರ ಹಾಕಿದ.

ಕೂರಲು ಬಂದ ಇಂಜಿನ್, "ಸುತ್ತಿಗೆಯವರು ಒಮ್ಮೆ ತಟ್ಟಿ ನೋಡಲಿ. ಒಳಗೆ ಟೊಳ್ಳಿದ್ದರೆ ಸದ್ದೇ ಹೇಳುತ್ತದೆ," ಎಂದಿತು.

ಹಲಗೆಯ ಜೀವ ಬಾಯಿಗೆ ಬಂತು. ಬಣ್ಣ ಅದರ ನೆರವಿಗೆ ನಿಂತಿತು. "ಪೂಜೆಯಾದವರ ಮೇಲೆ ಸುತ್ತಿಗೆ ಎತ್ತುವುದೇ? ಹಿರಿಯರೆಂಬ ಮರ್ಯಾದೆ ಬೇಡವೇ?"

ಸುತ್ತಿಗೆ ತಪ್ಪಾಯಿತೆಂದು ಹಿಂದೆ ಸರಿಯಿತು. ಇಂಜಿನ್ ನಾಚಿಕೊಂಡು ಕೂತಿತು. ಸದ್ಯ ಮಾನ ಉಳಿಯಿತೆಂದು ಹಲಗೆ ಉಸಿರು ಬಿಟ್ಟಿತು.

ದೋಣಿ ನದಿ ಕಡಲು ಸೇರುವ ಅಳಿವೆ ದಾಟಿದ ಮೇಲೆ ಮೊದಲ ದೊಡ್ಡ ಅಲೆ ಬಡಿದಾಗ ಹಲಗೆ ಇಂಜಿನ್ ಸಮೇತ ಕಿತ್ತುಹೋಯಿತು. ದೋಣಿಗೆ ನೀರು ನುಗ್ಗಿತು; ಶೀನ ಹೇಗೋ ಈಜಿ ದಡ ಸೇರಿದ. ಇಂಜಿನ್ನಿನ ಭಾರಕ್ಕೆ ಹಲಗೆ ಕಡಲ ತಳಕ್ಕೆ ಇಳಿಯುತ್ತಲೇ ಹೋಯಿತು.

"ಈಗೇನು ಗತಿ?" ಎಂದು ಅದು ಬಣ್ಣವನ್ನು ಕೇಳಿತು.

"ಹೆದರಬೇಡಿ," ಎಂದಿತು ಬಣ್ಣ. "ನನ್ನದೊಂದು ಚಕ್ಕೆಯೂ ಎದ್ದಿಲ್ಲ. ಹೊರಗಿನವರಿಗೆ ಏನೂ ಗೊತ್ತಾಗುವುದಿಲ್ಲ."