ತಡಮಾಡಿದ ಕಾಫಿ ಯಂತ್ರ

ಶ್ರೀಪತಿಯವರ ಅಡುಗೆಮನೆಗೆ ಹೊಸದಾಗಿ ಬಂದ ಎಸ್ಪ್ರೆಸೊ ಯಂತ್ರ, ಮೂಲೆ ಸೇರಿದ್ದ ಹಿತ್ತಾಳೆ ಫಿಲ್ಟರನ್ನು ಕೇಳಿತು: “ನಾನು ಅರೆನಿಮಿಷದಲ್ಲಿ ಕಾಫಿ ಕೊಡುತ್ತೇನೆ. ಲೋಟ ಹಿಡಿದು ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಹೊರಟುಬಿಡುತ್ತಾರೆ. ನಿನ್ನ ಕಾಲದಲ್ಲೂ ಹೀಗೇ ಇತ್ತೆ?”

“ಇಲ್ಲಪ್ಪ. ನನ್ನದು ಹನಿ ಹನಿ. ಮನೆಯೊಡತಿ ಲಲಿತಮ್ಮ ನನ್ನ ತಲೆಗೆ ಚಮಚದಿಂದ ಎರಡು ತಟ್ಟಿ, ‘ಇನ್ನೂ ಇಳಿದಿಲ್ಲ ಕಣ್ರೀ, ಕೂತ್ಕೊಳ್ಳಿ’ ಅನ್ನುತ್ತಿದ್ದರು. ಶ್ರೀಪತಿಯವರು ಕೂರುತ್ತಿದ್ದರು. ಡಿಕಾಕ್ಷನ್ ಇಳಿಯುವವರೆಗೂ ಮಾತೇ ಮಾತು.”

ಯಂತ್ರಕ್ಕೂ ಆಸೆಯಾಯಿತು. ಮರುದಿನ ಬೆಳಿಗ್ಗೆ ಬೇಕೆಂದೇ ಹನಿ ಹನಿಯಾಗಿ ಇಳಿಸಿತು. ಇಬ್ಬರೂ ಬಂದು ಎದುರು ನಿಂತರು. ಯಂತ್ರ ಚಮಚದ ಏಟಿಗೆ ತಲೆಯೊಡ್ಡಿ ಕಾಯಿತು.

“ಇದು ಕೆಟ್ಟಿದೆ ಕಣೇ, ರಿಪೇರಿಯವನಿಗೆ ಫೋನ್ ಮಾಡು,” ಎಂದು ಶ್ರೀಪತಿ ಹೊರಟೇಬಿಟ್ಟರು.

ಫಿಲ್ಟರ್ ಮೆಲ್ಲನೆ ಹೇಳಿತು: “ಆಗ ತಡವಾದರೆ ‘ಇಳೀತಿದೆ’ ಅನ್ನುತ್ತಿದ್ದರು. ಈಗ ‘ಕೆಟ್ಟಿದೆ’ ಅನ್ನುತ್ತಾರೆ.”